ನಷ್ಟ ನಿಂದು, ಲಾಭದಲ್ಲಿ ನಮಗೂ ಪಾಲು

ಹೋದ ವಾರ ಬಾಮೈದ ಮನೆಗೆ ಬಂದಿದ್ದ, ಊಟ ಆದ್ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೂತು ಮತ್ತೆ ಅದೇ ಕ್ರಿಪ್ಟೋ, ಅಂದ್ರೆ ಬಿಟ್‌ಕಾಯಿನ್ ಥರದ ಡಿಜಿಟಲ್ ಕಾಯಿನ್‌ಗಳ ಪುರಾಣ ತೆಗೆದ. ಪಾಪ, ಅವನ ಸಂಕಟಕ್ಕೂ ಕಾರಣ ಇದೆ. 2022-23ರಲ್ಲಿ ಒಂದು ಕಾಯಿನ್ ಮಾರಿ 40,000 ಲಾಭ ಮಾಡಿದ್ದ, ಇನ್ನೊಂದು ಮಾರಿ 50,000 ಕಳ್ಕೊಂಡಿದ್ದ. ಒಟ್ಟು ಲೆಕ್ಕದಲ್ಲಿ 10,000 ಲಾಸ್ ತಾನೇ, ಟ್ಯಾಕ್ಸ್ ಎಲ್ಲಿಂದ ಬರ್ಬೇಕು ಅಂತ ಆರಾಮಾಗಿ ಆಡಿಟರ್ ಹತ್ರ ಹೋದ್ರೆ ಅವ್ರು ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು "12,480 ಕಟ್ಬೇಕಪ್ಪ" ಅಂದ್ರಂತೆ. ಲಾಭಕ್ಕೆ 30 ಪರ್ಸೆಂಟ್, ಮೇಲೆ 4 ಪರ್ಸೆಂಟ್ ಸೆಸ್, ಒಂದು ಕಾಯಿನ್‌ನ ನಷ್ಟನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ, ಮುಂದಿನ ವರ್ಷಕ್ಕೆ ಹೊತ್ಕೊಂಡು ಹೋಗೋ ಹಾಗೂ ಇಲ್ಲ. ಇಸ್ಪೀಟ್ ಕ್ಲಬ್‌ನೋರೂ ಇಷ್ಟು ಬಿಗಿ ಇರಲ್ಲ ಕಣ್ರೀ.

ಸರ್ಕಾರ, ಬ್ಯಾಂಕು ಸೇರ್ಕೊಂಡು ಕ್ರಿಪ್ಟೋನ ಮುಗಿಸ್ತಾರೆ ಅಂತ ಒಂದು ಗುಂಪು, ಕ್ರಿಪ್ಟೋನೇ ಬ್ಯಾಂಕುಗಳನ್ನ ಮುಗಿಸುತ್ತೆ ಅಂತ ಇನ್ನೊಂದು ಗುಂಪು ವಾಟ್ಸಾಪ್‌ನಲ್ಲಿ ಕಿತ್ತಾಡ್ತಾನೇ ಇರ್ತಾರೆ. ನಂಗನ್ಸೋದು, ಮುಗಿಸೋ ಅವಸರ ದೊಡ್ಡೋರಿಗೆ ಇಲ್ವೇ ಇಲ್ಲ. ಒಳಗೆ ಕರೀದೆ, ಓಡಿಸ್ದೆ, ಹೊಸ್ತಿಲ ಹೊರಗೆ ನಿಲ್ಲಿಸಿ ಸುಂಕ ಎತ್ತೋದ್ರಲ್ಲೇ ಸುಖ ಇದೆ ಅಂತ ಅವ್ರಿಗೆ ಗೊತ್ತಾಗಿದೆ.

ಮೊದ್ಲು ಓಡಿಸೋಕೆ ನೋಡಿದ್ದು ನಿಜ. 2018ರ ಏಪ್ರಿಲ್‌ನಲ್ಲಿ ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿ, ಈ ವ್ಯವಹಾರದೋರಿಗೆ ಬ್ಯಾಂಕುಗಳು ಸೇವೆ ಕೊಡ್ಬಾರ್ದು ಅಂತು. ಕಾಯಿನ್‌ನ ಬ್ಯಾನ್ ಮಾಡ್ಲಿಲ್ಲ ನೋಡಿ, ಅದಕ್ಕೆ ಹೋಗೋ ನೀರಿನ ಪೈಪ್ ಕಟ್ ಮಾಡಿದ್ರು ಅಷ್ಟೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನ ಹಳೇ ಏರ್‌ಪೋರ್ಟ್ ರೋಡ್‌ನ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಕ್ರಿಪ್ಟೋ ಕಂಪನಿಯೋರು ಕಾಯಿನ್ ಕೊಳ್ಳೋಕೆ ಅಂತ ಎಟಿಎಂ ಥರದ್ದೊಂದು ಕಿಯೋಸ್ಕ್ ಇಟ್ರು, ಬ್ಯಾಂಕ್ ಬೇಡ, ಕ್ಯಾಶ್ ಹಾಕಿ ಅಂತ. ಜನ ಅದನ್ನ ಸರಿಯಾಗಿ ನೋಡೋಕೆ ಮುಂಚೇನೇ ಪೊಲೀಸ್ನೋರು ಎತ್ಕೊಂಡು ಹೋದ್ರು, ಇಟ್ಟೋರನ್ನೂ ಅರೆಸ್ಟ್ ಮಾಡಿದ್ರು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆನ ರದ್ದು ಮಾಡ್ತು. 2021ರ ಚಳಿಗಾಲದ ಸಂಸತ್ ಅಧಿವೇಶನದ ಪಟ್ಟಿಯಲ್ಲಿ ಕ್ರಿಪ್ಟೋ ಬಗ್ಗೆ ಒಂದು ಮಸೂದೆ ಇತ್ತು, ಆದ್ರೆ ಮಂಡನೆನೇ ಆಗ್ಲಿಲ್ಲ.

ಆಮೇಲೆ ಬಂತು 2022ರ ಬಜೆಟ್ಟು. 30 ಪರ್ಸೆಂಟ್ ಟ್ಯಾಕ್ಸು, ಜುಲೈಯಿಂದ ಮಾರಾಟಕ್ಕೆ 1 ಪರ್ಸೆಂಟ್ ಟಿಡಿಎಸ್ಸು, ಅಂದ್ರೆ ಮಾರಿದ ದುಡ್ಡಲ್ಲಿ ಮೊದ್ಲೇ ಮುರ್ಕೊಳೋ ಟ್ಯಾಕ್ಸು. ಟ್ಯಾಕ್ಸ್ ಹಾಕಿದ್ರೆ ಕಾನೂನುಬದ್ಧ ಆಯ್ತು ಅಂತಲ್ಲ ಅಂತ ಬೇರೆ ಹೇಳಿದ್ರು. ಬಜೆಟ್ ಆಗಿ ಹತ್ತು ದಿನ ತುಂಬಿರ್ಲಿಲ್ಲ, ಆಗಿನ ಆರ್‌ಬಿಐ ಗವರ್ನರ್ ಶಕ್ತಿಕಾಂತ ದಾಸ್ ಇದಕ್ಕೆ ಆಧಾರವಾಗಿ ಏನೂ ಇಲ್ಲ, ಹಿಂದೆ ಹಾಲೆಂಡ್‌ನಲ್ಲಿ ಹುಚ್ಚು ರೇಟಿಗೆ ಹೋಗಿತ್ತಲ್ಲ, ಆ ಥರ ಒಂದು ಟ್ಯೂಲಿಪ್ ಹೂವೂ ಇಲ್ಲ ಅಂದ್ರು. ಹೂವೂ ಇಲ್ದಿರೋ ಬುಟ್ಟಿಯಿಂದ ಮೂರನೇ ಒಂದು ಭಾಗದ ಹತ್ತಿರ ಎತ್ಕೊಂಡು ಹೋಗ್ತೀರಲ್ಲ ಸ್ವಾಮಿ!

ಅಮೆರಿಕದೋರು ಇನ್ನೂ ಚಾಲಾಕು, ಅವ್ರು ಅಂಗಡಿನೇ ಇಟ್ಬಿಟ್ರು. ಬ್ಲ್ಯಾಕ್‌ರಾಕ್ ಅನ್ನೋ ದೊಡ್ಡ ಹೂಡಿಕೆ ಕಂಪನಿಯ ಮುಖ್ಯಸ್ಥ ಲ್ಯಾರಿ ಫಿಂಕ್ 2017ರಲ್ಲಿ ಬಿಟ್‌ಕಾಯಿನ್ ಅಂದ್ರೆ ಕಪ್ಪುಹಣ ಬಿಳಿ ಮಾಡೋರಿಗೆ ಎಷ್ಟು ಬೇಡಿಕೆ ಇದೆ ಅನ್ನೋದರ ಅಳತೆಗೋಲು ಅನ್ನೋ ಥರ ಮಾತಾಡಿದ್ದೋರು, 2024ರ ಜನವರಿಯಲ್ಲಿ ಅವ್ರ ಕಂಪನಿನೇ ಬಿಟ್‌ಕಾಯಿನ್ ಇಟಿಎಫ್, ಅಂದ್ರೆ ಷೇರಿನ ಥರ ಕೊಳ್ಳೋ ಬಿಟ್‌ಕಾಯಿನ್ ಫಂಡು, ಮಾರೋಕೆ ಕೂತ್ಕೊಂತು. ಟ್ರಂಪ್ 2021ರಲ್ಲಿ ಇದು ಸ್ಕ್ಯಾಮ್ ಥರ ಕಾಣ್ಸುತ್ತೆ ಅಂದಿದ್ರು, 2025ರಲ್ಲಿ ಪ್ರಮಾಣವಚನಕ್ಕೆ ಮೂರು ದಿನ ಇದೆ ಅನ್ನೋವಾಗ ತಮ್ಮ ಹೆಸರಲ್ಲೇ ಒಂದು ಕಾಯಿನ್ ಬಿಟ್ರು. ಬ್ಯಾಂಕಿನೋರ ಕೈಯಿಂದ ತಪ್ಪಿಸ್ಕೊಳೋಕೆ ಅಂತ ಹುಟ್ಟಿದ್ದು ಈಗ ಅವ್ರದೇ ಶೋಕೇಸ್‌ನಲ್ಲಿದೆ.

ನಮ್ಮೋರು ಶೋಕೇಸ್ ಬದ್ಲು ಸ್ವಂತ ಮಾಲನ್ನೇ ತಂದ್ರು, ಡಿಜಿಟಲ್ ರೂಪಾಯಿ. 2022ರ ಡಿಸೆಂಬರ್‌ನಲ್ಲಿ ಜನಸಾಮಾನ್ಯರಿಗೆ ಅಂತ ಪೈಲಟ್ ಶುರುವಾದ ಮೊದಲ ನಾಲ್ಕು ಊರುಗಳಲ್ಲಿ ಬೆಂಗಳೂರೂ ಒಂದು. ನಾನೂ ಆಸೆಗೆ ಆ್ಯಪ್ ಹಾಕ್ಕೊಂಡು 200 ರೂಪಾಯಿ ತುಂಬಿಸ್ದೆ, ಒಂದಿನ ಟೀ ಅಂಗಡಿಲಿ ಅದ್ರಲ್ಲೇ ಸ್ಕ್ಯಾನ್ ಮಾಡಿ, ಇದು ಯುಪಿಐ ಅಲ್ಲ, ಆರ್‌ಬಿಐ ನೇರವಾಗಿ ಕೊಡೋ ದುಡ್ಡು, ನೋಟಿದ್ದಂಗೆ ಅಂತ ಅರ್ಧ ಲೆಕ್ಚರ್ ಕೊಟ್ಟೆ. ಅವನು ಲೋಟ ತೊಳೀತಾನೇ "ಬಂತು ಬಿಡಿ ಸಾರ್" ಅಂದ, ಅಷ್ಟೆ.

ಬಾಮೈದನ ಹತ್ರ ಇನ್ನೂ ಸ್ವಲ್ಪ ಕಾಯಿನ್ ಉಳಿದಿದೆ. ಮಾರ್ತೀಯೇನೋ ಅಂತ ಕೇಳಿದ್ರೆ "ಮಾರಿದ್ರೆ ತಾನೇ ಭಾವ ಟ್ಯಾಕ್ಸು" ಅಂತ ಇನ್ನೊಂದು ಎಲೆಗೆ ಸುಣ್ಣ ಹಚ್ಕೊಂಡ.