ಲೆನ್ಸಿನ ಅಂಚಿನ ನೀಲಿ ಗೆರೆ

ಕನ್ನಡಕದಂಗಡಿಯಲ್ಲಿ ಲೆನ್ಸ್ ಕೂರಿಸುವ ಕೆಲಸ ನನ್ನದು. ಸೇರಿದ ಎರಡನೇ ವರ್ಷ ಒಬ್ಬ ಮಹಿಳೆ ಹೊಸ ಕನ್ನಡಕ ವಾಪಸ್ ತಂದರು. ಎರಡೂ ಕಣ್ಣಿಗೆ ಮೈನಸ್ 7 ಪವರ್. "ಅಕ್ಷರದ ಪಕ್ಕದಲ್ಲಿ ನೀಲಿ ಗೆರೆ ಕಾಣ್ತಿದೆ" ಅಂದರು. ಲೆನ್ಸಿನ ಪವರ್ ಅಳೆಯುವ ಲೆನ್ಸೋಮೀಟರ್‌ನಲ್ಲಿಟ್ಟು ನೋಡಿದೆ. ಪವರ್ ಚೀಟಿಯಲ್ಲಿದ್ದಂತೆಯೇ ಇತ್ತು, ಕಣ್ಣುಗಳ ನಡುವಿನ ಅಂತರವೂ ತಾಳೆಯಾಯಿತು. "ಹೊಸದಲ್ವಾ ಮೇಡಂ, ನಾಲ್ಕು ದಿನ ಹಾಕ್ಕೊಳ್ಳಿ, ಒಗ್ಗುತ್ತೆ" ಎಂದು ಕಳಿಸಿಬಿಟ್ಟೆ.

ವಾರ ಕಳೆದು ಮತ್ತೆ ಬಂದರು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅದು ನನಗೆ ನಾಟಿತು.

ನನ್ನ ಅನುಮಾನ ಮೊದಲು ಹೋಗಿದ್ದು ಕೋಟಿಂಗ್ ಮೇಲೆ. ಬೆಳಕು ಲೆನ್ಸಿನ ಪ್ರತಿ ಮೈಗೂ ತಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತದೆ: ಮಾಮೂಲಿ ಪ್ಲಾಸ್ಟಿಕ್ಕಿನಲ್ಲಿ ಸುಮಾರು 4%, ಇವರ ಲೆನ್ಸಿನ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನಲ್ಲಿ 5%. ಅದನ್ನು ತಗ್ಗಿಸಲೆಂದೇ ತೆಳು ಪದರ ಹಚ್ಚಿರುತ್ತಾರೆ. ಲೆನ್ಸನ್ನು ಓರೆ ಹಿಡಿದಾಗ ಹೊಳೆಯುವ ಹಸಿರು ಅದರದ್ದೇ. ಆದರೆ ಆ ಹೊಳಪು ಎದುರಿಗಿದ್ದವರಿಗೆ ಕಾಣುವಂಥದ್ದು. ಅಕ್ಷರಕ್ಕೆ ಅಂಟಿಕೊಂಡ ಗೆರೆಗೆ ಅದು ಕಾರಣವಾಗಲಾರದು.

ಅಂಗಡಿಯ ಹಿರಿಯರು ಕನ್ನಡಕ ತೆಗೆದುಕೊಂಡು ಕಿಟಕಿ ಹತ್ತಿರ ಕರೆದರು. ಬಿಳಿ ಆಕಾಶಕ್ಕೆ ಎದುರಾಗಿ ಕಿಟಕಿಯ ಕಪ್ಪು ಸರಳು. ಲೆನ್ಸಿನ ನಡುವಿನಿಂದ ನೋಡಿದರೆ ಸರಳು ಸ್ವಚ್ಛವಾಗಿತ್ತು. ಲೆನ್ಸನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದಂತೆ ಸರಳಿನ ಒಂದು ಬದಿಗೆ ಕೆಂಪು-ಹಳದಿ, ಇನ್ನೊಂದು ಬದಿಗೆ ನೀಲಿ ಮೂಡಿತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಲೆನ್ಸೋಮೀಟರ್‌ನ ಬೆಳಕು ಯಾವ ಬಣ್ಣ?"

ಹಸಿರು. ಬರೀ ಹಸಿರು. ಬಣ್ಣಗಳು ಬೇರೆಯಾಗುವುದನ್ನು ಒಂದೇ ಬಣ್ಣದಲ್ಲಿ ಅಳೆಯುವ ಯಂತ್ರ ಹೇಗೆ ತೋರಿಸೀತು?

ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುವ ಬೆಳಕು ಪಾಲಿಕಾರ್ಬೊನೇಟ್ ಒಳಗೆ 1 ಲಕ್ಷ 89 ಸಾವಿರಕ್ಕೆ ಇಳಿಯುತ್ತದೆ. ಹೀಗೆ ವೇಗ ತಗ್ಗುವುದರಿಂದಲೇ ಓರೆಯಾಗಿ ಬಿದ್ದ ಕಿರಣ ಬಾಗುತ್ತದೆ. ನೀಲಿ ಬೆಳಕು ಕೆಂಪಿಗಿಂತ ಇನ್ನೂ ತುಸು ನಿಧಾನ, ಹಾಗಾಗಿ ಹೆಚ್ಚು ಬಾಗುತ್ತದೆ. ಲೆನ್ಸಿನ ಅಂಚು ಅಂದರೆ ಒಂದು ಪ್ರಿಸಂ. ನ್ಯೂಟನ್ 1672ರಲ್ಲಿ ಪ್ರಕಟಿಸಿದ ಪ್ರಿಸಂ ಪ್ರಯೋಗವೇ ಆ ಮಹಿಳೆಯ ಮೂಗಿನ ಮೇಲೆ ನಡೆಯುತ್ತಿತ್ತು. (ಈ ಬಣ್ಣದ ಕಾಟ ತಪ್ಪಿಸಲೆಂದೇ ನ್ಯೂಟನ್ ದೂರದರ್ಶಕಕ್ಕೆ ಕನ್ನಡಿ ಬಳಸಿದ. ಕನ್ನಡಿಯಲ್ಲಿ ಎಲ್ಲ ಬಣ್ಣವೂ ಬಿದ್ದ ಕೋನದಲ್ಲೇ ಹಿಂದಿರುಗುತ್ತದೆ, ಬೇರೆಯಾಗುವುದಿಲ್ಲ. ನನಗೆ ತುಂಬಾ ಇಷ್ಟವಾದ ಸಂಗತಿ ಇದು.)

ಯಾವ ವಸ್ತು ಬಣ್ಣವನ್ನು ಎಷ್ಟು ಚೆದುರಿಸುತ್ತದೆ ಎನ್ನುವುದಕ್ಕೆ ಅಬ್ಬೆ ಸಂಖ್ಯೆ ಇದೆ. ಸಂಖ್ಯೆ ಕಡಿಮೆಯಿದ್ದಷ್ಟೂ ಬಣ್ಣ ಹೆಚ್ಚು. ಅವರ ಹಳೇ ಕನ್ನಡಕದ ಮಾಮೂಲಿ ಪ್ಲಾಸ್ಟಿಕ್ಕಿಗೆ 58, ತೆಳ್ಳಗಿರುತ್ತೆ ಎಂದು ನಾನೇ ಒತ್ತಾಯಿಸಿ ಕೊಟ್ಟ ಪಾಲಿಕಾರ್ಬೊನೇಟ್‌ಗೆ 30. ಕೂತು ಲೆಕ್ಕ ಹಾಕಿದೆ. ಕೇಂದ್ರದಿಂದ ಒಂದೂವರೆ ಸೆಂ.ಮೀ. ಪಕ್ಕದಿಂದ ನೋಡಿದರೆ ಮೈನಸ್ 7ಕ್ಕೆ 1.5 × 7, ಅಂದರೆ 10.5 ಪ್ರಿಸಂ (ಒಂದು ಪ್ರಿಸಂ ಅಂದರೆ ಒಂದು ಮೀಟರ್ ದೂರದಲ್ಲಿ ಕಿರಣ ಒಂದು ಸೆಂ.ಮೀ. ಪಕ್ಕಕ್ಕೆ ಸರಿಯುವಷ್ಟು ಬಾಗು). ಆ 10.5 ಅನ್ನು ಅಬ್ಬೆ ಸಂಖ್ಯೆ 30ರಿಂದ ಭಾಗಿಸಿದರೆ 0.35. ಅಂದರೆ ಒಂದು ಮೀಟರ್ ದೂರದಲ್ಲಿ ಕೆಂಪು ಮತ್ತು ನೀಲಿ ಸುಮಾರು 3.5 ಮಿ.ಮೀ. ಬೇರೆ. ಹಳೆಯದರಲ್ಲಿ ಇದು 1.8 ಮಿ.ಮೀ. ಇತ್ತು.

ಆಮೇಲೆ ಕೇಳಿದೆ, "ಮೇಡಂ, ನಿಮ್ಮ ಕೆಲಸ ಏನು?" ದಿನವಿಡೀ ಎರಡು ಕಂಪ್ಯೂಟರ್ ಪರದೆ, ಎರಡೂ ಆಚೀಚೆ. ಅವರು ನೋಡುತ್ತಿದ್ದುದೇ ಅಂಚಿನಿಂದ. ಮೊದಲ ದಿನವೇ ಕೇಳಬೇಕಿತ್ತು.

ಲೆನ್ಸನ್ನು 41 ಅಬ್ಬೆಯ, 1.60 ವಕ್ರೀಭವನ ಸೂಚ್ಯಂಕದ (ಬೆಳಕಿನ ವೇಗವನ್ನು ಅಷ್ಟು ಪಟ್ಟು ತಗ್ಗಿಸುವ) ವಸ್ತುವಿಗೆ ಬದಲಿಸಿದೆವು. ಲೆನ್ಸ್ ಕಣ್ಣಿಗೆ ಇನ್ನಷ್ಟು ಹತ್ತಿರ ಕೂರುವಂತೆ ಮೂಗಿನ ಪ್ಯಾಡ್ ಬಾಗಿಸಿದೆ. ಹತ್ತಿರ ಬಂದಷ್ಟೂ ಅದೇ ಓರೆನೋಟ ಕೇಂದ್ರದ ಸಮೀಪ ಹಾಯುತ್ತದೆ. ಹೆಚ್ಚು ನೋಡುವ ಪರದೆಯನ್ನು ನೇರ ಎದುರಿಗೆ ಇಟ್ಟುಕೊಳ್ಳಿ ಎಂದೂ ಹೇಳಿದೆ.

ಹತ್ತು ದಿನ ಬಿಟ್ಟು ನಾನೇ ಫೋನ್ ಮಾಡಿ ವಿಚಾರಿಸಿದೆ. "ತೀರಾ ಓರೆಯಾಗಿ ನೋಡಿದ್ರೆ ಸ್ವಲ್ಪ ಕಾಣುತ್ತೆ, ಕೆಲಸಕ್ಕೇನೂ ತೊಂದರೆ ಇಲ್ಲ" ಅಂದರು. ಈಗ ದೊಡ್ಡ ಪವರ್ ಲೆನ್ಸ್ ಬಂದಾಗಲೆಲ್ಲ ಲೆನ್ಸೋಮೀಟರ್ ಆದ ಮೇಲೆ ಕಿಟಕಿಯ ಸರಳಿಗೂ ಒಮ್ಮೆ ಹಿಡಿದು ನೋಡುತ್ತೇನೆ.