ಅಗ್ಗದ ಡೀಸೆಲ್ ಎಸ್ಟೇಟ್ ಕಾರು ಕೊಳ್ಳಬಹುದಾ? ತಪಾಸಣೆ ಕೆಲಸದಲ್ಲಿ ನಾನು ಕಲಿತದ್ದು

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರ ಪರವಾಗಿ ಹೋಗಿ, ಕಾರು ನೋಡಿ, ತಗೊಳ್ಳಿ ಅಥವಾ ಬೇಡ ಅಂತ ಹೇಳುವುದು ನನ್ನ ಕೆಲಸ. ಅದಕ್ಕೂ ಮುಂಚೆ ಗ್ಯಾರೇಜಿನಲ್ಲಿ ಡೀಸೆಲ್ ಇಂಜಿನ್ ಬಿಚ್ಚಿ ಕೂರಿಸುತ್ತಿದ್ದೆ. ನನಗೆ ಬರುವ ಕರೆಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಇರುತ್ತದೆ. "ಸರ್, ಒಂದು ಡೀಸೆಲ್ ಎಸ್ಟೇಟ್ ತುಂಬಾ ಕಡಿಮೆಗೆ ಸಿಗ್ತಾ ಇದೆ, ತಗೊಳ್ಳಲಾ?"

ಈ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಎಸ್ಟೇಟ್ ಅಂದರೆ ಸೆಡಾನಿನ ಛಾವಣಿಯನ್ನು ಹಿಂದಿನ ಬಾಗಿಲವರೆಗೂ ಎಳೆದ ಕಾರು. ಹಿಂದಿನ ಸೀಟು ಮಡಚಿದರೆ ಬೀರುವನ್ನೇ ಮಲಗಿಸಬಹುದು. ಆದರೂ ಓಡಿಸುವಾಗ ಕಾರಿನ ಹಾಗೇ ಇರುತ್ತದೆ, ಲಾರಿಯ ಹಾಗಲ್ಲ. ಅದಕ್ಕೆ ಒಳ್ಳೆಯ ಡೀಸೆಲ್ ಇಂಜಿನ್ ಸೇರಿದರೆ ಭಾರ ಹೊತ್ತು ದೂರ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಗಾಡಿ ಸಿಗುವುದು ಕಷ್ಟ. ಈಗ ಜನ ಎಸ್‌ಯುವಿ ಕಡೆಗೆ ಹೋಗಿದ್ದಾರೆ. ಡೀಸೆಲ್ ಅಂದರೆ ಭಯವೂ ಹುಟ್ಟಿದೆ. ಹಾಗಾಗಿ ಇವುಗಳ ಬೆಲೆ ಬೇಗ ಇಳಿಯುತ್ತದೆ.

ಆದರೆ ಕಾರಿನ ಬೆಲೆ ಇಳಿದ ಹಾಗೆ ಅದರ ಪಾರ್ಟುಗಳ ಬೆಲೆ ಇಳಿಯುವುದಿಲ್ಲ. ಹೊಸದಾಗಿದ್ದಾಗ ದುಬಾರಿಯಾಗಿದ್ದ ಕಾರಿನ ಡೀಸೆಲ್ ಚಿಮುಕಿಸುವ ಇಂಜೆಕ್ಟರ್, ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ, ಕ್ಲಚ್, ಫ್ಲೈವೀಲ್ ಇವತ್ತಿಗೂ ದುಬಾರಿಯೇ. ಮೆಕ್ಯಾನಿಕ್‌ನ ಕೂಲಿಯೂ ಅಷ್ಟೇ. ಕಾರು ಅಗ್ಗ ಆದಷ್ಟೂ ಒಂದು ರಿಪೇರಿ ಅದರ ಬೆಲೆಯ ದೊಡ್ಡ ಪಾಲನ್ನು ನುಂಗುತ್ತದೆ. ಅದಕ್ಕೇ ನಾನು ಕಾರು ನೋಡಲು ಹೋದಾಗ, ಇದು ಚೆನ್ನಾಗಿದೆಯಾ ಅನ್ನುವುದಕ್ಕಿಂತ, ಇದಕ್ಕೆ ಮುಂದೆ ಯಾವ ಖರ್ಚು ಕಾದಿದೆ ಅಂತ ಹುಡುಕುತ್ತೇನೆ.

ಕಾರು ನೋಡುವ ಮುಂಚೆ ಕೊಳ್ಳುವವರನ್ನೇ ಕೇಳುತ್ತೇನೆ: ನೀವು ದಿನಾ ಎಷ್ಟು ದೂರ ಓಡಿಸುತ್ತೀರಿ? ಮಗುವನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಐದಾರು ಕಿಲೋಮೀಟರ್‌ನಲ್ಲಿ ದಿನ ಮುಗಿಯುತ್ತದೆ ಅಂದರೆ, ನನ್ನ ಸಲಹೆ ಅಲ್ಲಿಗೇ ಮುಗಿಯಿತು. ಪೆಟ್ರೋಲ್ ಕಾರು ನೋಡಿ ಅನ್ನುತ್ತೇನೆ. ಹಾಗೇ ನಿಮ್ಮ ಊರಿನಲ್ಲಿ ಹಳೇ ಡೀಸೆಲ್ ಕಾರಿಗೆ ವಯಸ್ಸಿನ ಮಿತಿಯೋ, ನಗರದೊಳಗೆ ಬರಲು ತಡೆಯೋ ಇದೆಯಾ ಅಂತ ಮೊದಲೇ ತಿಳಿದುಕೊಳ್ಳಿ. ರಸ್ತೆಗೆ ಇಳಿಸಲಾಗದ ಕಾರು ಎಷ್ಟು ಅಗ್ಗವಾದರೂ ಏನು ಪ್ರಯೋಜನ?

ಸಣ್ಣ ಓಡಾಟದವರಿಗೆ ಯಾಕೆ ಬೇಡ ಅನ್ನುತ್ತೇನೆ ಅಂದರೆ, ಅದಕ್ಕೆ ಕಾರಣ ಡಿಪಿಎಫ್. ಸೈಲೆನ್ಸರ್ ದಾರಿಯಲ್ಲಿ ಕೂತು ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಅದು. 2000ನೇ ಇಸವಿಯಲ್ಲಿ ಪ್ಯೂಜೊ 607 ಕಾರಿನಲ್ಲಿ ಬಂತು. ಯುರೋಪಿನಲ್ಲಿ ಹೊಗೆಗೆ ಮಿತಿ ಹಾಕುವ ಯುರೋ 5 ನಿಯಮ 2011ರ ಹೊತ್ತಿಗೆ ಎಲ್ಲ ಹೊಸ ಕಾರುಗಳಿಗೂ ಅನ್ವಯವಾದ ಮೇಲೆ ಡೀಸೆಲ್ ಕಾರಿನಲ್ಲಿ ಇದು ಇದ್ದೇ ಇರುತ್ತದೆ ಅನ್ನುವಂತಾಯಿತು. ಹಿಡಿದಿಟ್ಟ ಮಸಿಯನ್ನು ಆಗಾಗ ಸುಡಬೇಕು. ಅದಕ್ಕೆ ಫಿಲ್ಟರಿನ ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಇಂಜಿನ್ ತಾನೇ ಸ್ವಲ್ಪ ಜಾಸ್ತಿ ಡೀಸೆಲ್ ಚಿಮುಕಿಸಿ ಆ ಶಾಖ ತಂದುಕೊಳ್ಳುತ್ತದೆ. ಕಾರು ಒಂದೇ ಸಮನೆ ಓಡುತ್ತಿದ್ದರೆ ಹತ್ತಿಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಡ್ರೈವರ್‌ಗೆ ಗೊತ್ತೂ ಆಗುವುದಿಲ್ಲ.

ಸಣ್ಣ ಓಡಾಟದಲ್ಲಿ ಇದು ಅರ್ಧಕ್ಕೇ ನಿಲ್ಲುತ್ತದೆ. ಮನೆ ಬಂತು, ಇಂಜಿನ್ ಆಫ್. ಮಾರನೇ ದಿನ ಮತ್ತೆ ಶುರು, ಮತ್ತೆ ಅರ್ಧ. ಮಸಿ ತುಂಬುತ್ತಾ ಹೋಗುತ್ತದೆ. ಇನ್ನೂ ಕೆಟ್ಟದ್ದು ಅಂದರೆ, ಹೀಗೆ ಚಿಮುಕಿಸಿದ ಡೀಸೆಲ್‌ನಲ್ಲಿ ಒಂದು ಪಾಲು ಸಿಲಿಂಡರ್ ಗೋಡೆಯಿಂದ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳ್ಳಗಾಗುತ್ತದೆ. ಬೇರಿಂಗ್‌ಗಳು ಬೇಗ ಸವೆಯುತ್ತವೆ. ಅದಕ್ಕೇ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದಾಗ ಆಯಿಲ್ ಮೇಲಿನ ಗೆರೆ ದಾಟಿದ್ದರೆ ನಾನು ಖುಷಿ ಪಡುವುದಿಲ್ಲ, ಮೂಸಿ ನೋಡುತ್ತೇನೆ. ಡೀಸೆಲ್ ವಾಸನೆ ಬಂದರೆ ಆ ಕಾರು ಹೇಗೆ ಬದುಕಿದೆ ಅಂತ ಗೊತ್ತಾಯಿತು. ಆಯಿಲ್ ಕಪ್ಪಗಿದೆ ಅಂತ ಮಾತ್ರ ಯಾರೂ ಹೆದರಬೇಡಿ. ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ.

ಒಬ್ಬ ಫೋಟೋಗ್ರಾಫರ್ ಎರಡು ಕಾರು ಆರಿಸಿಟ್ಟುಕೊಂಡು ನನ್ನನ್ನು ಕರೆದಿದ್ದರು. ಲೈಟು, ಸ್ಟ್ಯಾಂಡು, ಪರದೆ ಎಲ್ಲ ತುಂಬಿಕೊಂಡು ಊರೂರು ಸುತ್ತುವವರು. ಎರಡೂ ಒಂದೇ ಮಾದರಿಯ ಎಸ್ಟೇಟ್, ಒಂದೇ ವಯಸ್ಸು. ಒಂದು ಬಹಳ ಕಡಿಮೆ ಓಡಿತ್ತು, ಊರೊಳಗೇ. ಇನ್ನೊಂದು ಅದರ ಮೂರು ಪಟ್ಟು ಓಡಿತ್ತು, ಬಹುಪಾಲು ಹೆದ್ದಾರಿಯಲ್ಲಿ. "ಕಡಿಮೆ ಓಡಿರೋದೇ ಒಳ್ಳೇದು ಅಲ್ವಾ ಸರ್?" ಅಂದರು. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದೆ. ಕಡಿಮೆ ಓಡಿದ ಕಾರಿನಲ್ಲಿ ಮಸಿ ಸುಡುವ ಪ್ರಯತ್ನಗಳು ಸಾಲಾಗಿ ಅರ್ಧಕ್ಕೇ ನಿಂತಿದ್ದವು. ಆಯಿಲ್ ಮಟ್ಟ ಏರಿತ್ತು. ಜಾಸ್ತಿ ಓಡಿದ ಕಾರಿನಲ್ಲಿ ಮಸಿ ಪ್ರತಿ ಸಲವೂ ಪೂರ್ತಿ ಸುಟ್ಟಿತ್ತು, ನಾಲ್ಕು ಇಂಜೆಕ್ಟರ್‌ಗಳೂ ಚಿಮುಕಿಸುವ ಡೀಸೆಲ್‌ನ ಲೆಕ್ಕ ಹತ್ತಿರ ಹತ್ತಿರ ಇತ್ತು. ಹೆದ್ದಾರಿಯಲ್ಲಿ ಓಡಿದ ಕಾರಿನಲ್ಲಿ ಕ್ಲಚ್ ಒತ್ತಿದ್ದು ಕಡಿಮೆ, ಬ್ರೇಕ್ ಹಾಕಿದ್ದು ಕಡಿಮೆ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ದೂ ಕಡಿಮೆ. ಮೀಟರಿನ ಅಂಕಿ ಇದನ್ನೆಲ್ಲ ಹೇಳುವುದಿಲ್ಲ.

ನಾನು ಎಲ್ಲಕ್ಕಿಂತ ಜಾಸ್ತಿ ನಂಬುವುದು ಕೋಲ್ಡ್ ಸ್ಟಾರ್ಟನ್ನು. ಮಾರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ, ನಾನು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಅನ್ನುತ್ತೇನೆ. ಹೋದ ಕೂಡಲೇ ಬಾನೆಟ್ ಎತ್ತಿ ಇಂಜಿನ್ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಕಾರಣ ಕೇಳುತ್ತೇನೆ, ಸರಿಯಾದ ಉತ್ತರ ಸಿಗದಿದ್ದರೆ ಇನ್ನೊಂದು ದಿನ ಬರುತ್ತೇನೆ. ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳಬೇಕು. ಹಾಗಾಗಿ ಆ ಒತ್ತಡ, ಅಂದರೆ ಕಂಪ್ರೆಷನ್, ಕಡಿಮೆಯಾದರೂ, ತಣ್ಣನೆಯ ಇಂಜಿನ್‌ಗೆ ಶಾಖ ಕೊಡುವ ಗ್ಲೋ ಪ್ಲಗ್ ಸತ್ತರೂ, ಇಂಜೆಕ್ಟರ್ ಸೋರಿದರೂ ಮೊದಲು ತಿಳಿಯುವುದು ಬೆಳಗಿನ ಈ ಸ್ಟಾರ್ಟ್‌ನಲ್ಲೇ. ಬಿಸಿ ಇಂಜಿನ್ ಇದನ್ನೆಲ್ಲ ಮುಚ್ಚಿಹಾಕುತ್ತದೆ.

ಸ್ಟಾರ್ಟ್ ಆದ ಕೂಡಲೇ ಒಬ್ಬರು ಹಿಂದೆ ನಿಂತು ಹೊಗೆ ನೋಡಬೇಕು. ಬಿಳಿ ಹೊಗೆ ಕಣ್ಣಿಗೆ ಚುರುಗುಟ್ಟಿದರೆ ಅದು ಸುಡದ ಡೀಸೆಲ್. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಇಂಜಿನ್ ತಂಪಾಗಿಡುವ ಕೂಲಂಟ್ ಒಳಗೆ ಸೋರುತ್ತಿದೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ, ಪಿಸ್ಟನ್ ರಿಂಗ್ ಅಥವಾ ಟರ್ಬೊ ಸೀಲ್ ಕಡೆ ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆ ಬಂದರೆ ಇಂಜಿನ್‌ಗೆ ಗಾಳಿ ಸಾಲುತ್ತಿಲ್ಲ. ಟರ್ಬೊ ಪೈಪ್ ಬಿರಿದಿರಬಹುದು, ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ಸಿಕ್ಕಿಕೊಂಡಿರಬಹುದು. ಇವೆಲ್ಲ ಒಂದೇ ತೂಕದವಲ್ಲ. ಬಿರಿದ ಪೈಪ್ ಸಣ್ಣ ಕೆಲಸ, ಸವೆದ ರಿಂಗ್ ಅಂದರೆ ಇಂಜಿನ್ನೇ ಬಿಚ್ಚಬೇಕು.

ಡಿಪಿಎಫ್ ಇರುವ ಕಾರಿನಲ್ಲಿ ಕಪ್ಪು ಹೊಗೆ ಹೊರಗೇ ಬರಬಾರದು. ಹಾಗಾಗಿ ಸೈಲೆನ್ಸರ್ ಬಾಯಿಯೊಳಗೆ ಬೆರಳಾಡಿಸಿ ನೋಡುತ್ತೇನೆ. ದಪ್ಪ ಮಸಿ ಮೆತ್ತಿಕೊಂಡರೆ ಫಿಲ್ಟರ್ ಒಡೆದಿದೆ, ಇಲ್ಲವೇ ಯಾರೋ ಒಳಗಿನದ್ದನ್ನು ಕೆಡವಿ ಖಾಲಿ ಡಬ್ಬಿ ಉಳಿಸಿದ್ದಾರೆ. "ಡಿಪಿಎಫ್ ತೆಗೆಸಿಬಿಟ್ಟಿದ್ದೀವಿ, ಇನ್ನು ತಲೆನೋವೇ ಇಲ್ಲ" ಅಂತ ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಹಲವು ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ, ಹೊಗೆ ತಪಾಸಣೆಯಲ್ಲಿ ಫೇಲ್ ಆಗಬಹುದು. ಕಾನೂನು ಬದಿಗಿಟ್ಟರೂ, ಆ ಮಸಿ ಯಾರದೋ ಮಗುವಿನ ಶ್ವಾಸಕ್ಕೆ ಹೋಗುತ್ತದೆ. ಅಂಥ ಕಾರನ್ನು ನಾನು ಯಾರಿಗೂ ತಗೊಳ್ಳಿ ಅಂತ ಹೇಳಿಲ್ಲ, ಹೇಳುವುದೂ ಇಲ್ಲ.

ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ಸಡಿಲ ಮಾಡಿ ನೋಡಿ. ಸ್ವಲ್ಪ ಆವಿ ಬರುವುದು ಸಹಜ. ಮುಚ್ಚಳ ಕುಣಿಯುವಷ್ಟು ರಭಸವಾಗಿ ಹೊಗೆ ನುಗ್ಗಿದರೆ ಪಿಸ್ಟನ್ ದಾಟಿ ಗಾಳಿ ಕೆಳಗೆ ಇಳಿಯುತ್ತಿದೆ ಅಂತ ಅರ್ಥ. ಆ ಕಾರು ಬಿಟ್ಟು ಮನೆಗೆ ಬನ್ನಿ.

ಸ್ಕ್ಯಾನರ್ ಬಗ್ಗೆ ಒಂದು ಮಾತು. ಕಾರಿನ ಕಂಪ್ಯೂಟರ್ ಬರೆದಿಡುವ ದೋಷದ ಗುರುತು, ಅಂದರೆ ಫಾಲ್ಟ್ ಕೋಡ್, ಯಾವುದೂ ಇಲ್ಲ ಅಂದ ಮಾತ್ರಕ್ಕೆ ಕಾರು ಸರಿಯಿದೆ ಅಂತಲ್ಲ, ಬೆಳಿಗ್ಗೆಯಷ್ಟೇ ಅಳಿಸಿರಬಹುದು. ಅದಕ್ಕೆ ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನುವ ಅಂಕಿಯನ್ನೂ ನೋಡುತ್ತೇನೆ. ಅದು ಹತ್ತೋ ಹದಿನೈದೋ ಇದ್ದರೆ ಯಾಕೆ ಅಳಿಸಿದಿರಿ ಅಂತ ನೇರವಾಗಿ ಕೇಳುತ್ತೇನೆ. ಡಿಪಿಎಫ್‌ನಲ್ಲಿ ಮಸಿ ಬೇರೆ, ಬೂದಿ ಬೇರೆ ಅನ್ನುವುದೂ ನೆನಪಿರಲಿ. ಮಸಿ ಸುಟ್ಟು ಹೋಗುತ್ತದೆ. ಇಂಜಿನ್ ಆಯಿಲ್‌ನ ಲೋಹದ ಅಂಶಗಳಿಂದ ಬರುವ ಬೂದಿ ಸುಡುವುದಿಲ್ಲ, ಕೂತೇ ಇರುತ್ತದೆ. ತುಂಬಾ ಓಡಿದ ಕಾರಿನಲ್ಲಿ ಫಿಲ್ಟರ್ ಬಿಚ್ಚಿ ತೊಳೆಸುವ ಅಥವಾ ಬದಲಿಸುವ ದಿನ ಬಂದೇ ಬರುತ್ತದೆ. ಆ ಖರ್ಚು ಲೆಕ್ಕದಲ್ಲಿ ಇರಲಿ.

ಓಡಿಸುವಾಗ ಎರಡು ಪರೀಕ್ಷೆ ತಪ್ಪದೆ ಮಾಡಿ. ಮೇಲಿನ ಗೇರ್‌ನಲ್ಲಿ ನಿಧಾನ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಆಮೇಲೆ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಕಿವಿಗೊಡಿ. ಗಡಗಡ ಸದ್ದು ಕ್ಲಚ್ ಒತ್ತಿದಾಗ ಬದಲಾದರೆ, ಇಂಜಿನ್ ಆಫ್ ಮಾಡುವಾಗ ಇಡೀ ಗಾಡಿ ಅಲುಗಾಡಿದರೆ, ಡ್ಯುಯಲ್ ಮಾಸ್ ಫ್ಲೈವೀಲ್ ಸವೆದಿರುವ ಸಾಧ್ಯತೆ ಜಾಸ್ತಿ. ಡೀಸೆಲ್‌ನ ಒದೆತವನ್ನು ಸ್ಪ್ರಿಂಗ್‌ಗಳಲ್ಲಿ ನುಂಗಿಕೊಳ್ಳಲು ಎರಡು ತುಂಡಾಗಿ ಮಾಡಿದ ಚಕ್ರ ಅದು. ಕ್ಲಚ್ ಜೊತೆ ಅದನ್ನೂ ಹಾಕಿಸಬೇಕಾದರೆ, ಅಗ್ಗದ ಕಾರಿನ ಲೆಕ್ಕ ಅಲ್ಲೇ ತಲೆಕೆಳಗಾಗುತ್ತದೆ.

ಇನ್ನು ಎಸ್ಟೇಟ್‌ಗೇ ಸೇರಿದ ವಿಷಯಗಳು. ಇವನ್ನು ಬಹಳ ಜನ ನೋಡುವುದೇ ಇಲ್ಲ. ಡಿಕ್ಕಿಯ ಹಾಸು ಎತ್ತಿ, ಸ್ಟೆಪ್ನಿ ಇರುವ ಗುಂಡಿಗೆ ಕೈ ಹಾಕಿ. ನೀರು, ತುಕ್ಕು, ಬೂಷ್ಟು ವಾಸನೆ ಇದ್ದರೆ ಹಿಂದಿನ ದೀಪದ ರಬ್ಬರೋ, ಛಾವಣಿಯ ಕಂಬಿ ಕೂತ ಜಾಗವೋ ಸೋರುತ್ತಿದೆ. ಹಿಂದಿನ ಬಾಗಿಲು ದೊಡ್ಡದು, ಸಾವಿರಾರು ಸಲ ಎತ್ತಿ ಇಳಿಸಿರುತ್ತಾರೆ. ಕೀಲಿನ ಹತ್ತಿರ ರಬ್ಬರ್ ಕೊಳವೆಯೊಳಗೆ ಹೋಗುವ ವೈರುಗಳು ಮಡಚಿ ಮಡಚಿ ತುಂಡಾಗುತ್ತವೆ. ಹಿಂದಿನ ವೈಪರ್, ನಂಬರ್ ಪ್ಲೇಟ್ ದೀಪ, ಲಾಕ್ ಒಂದೊಂದಾಗಿ ಪರೀಕ್ಷಿಸಿ. ಬಾಗಿಲನ್ನು ಎತ್ತಿ ಕೈ ಬಿಟ್ಟಾಗ ಅದು ಅಲ್ಲೇ ನಿಲ್ಲಬೇಕು.

ಕಾರು ಖಾಲಿ ಇರುವಾಗ ಬದಿಯಿಂದ ನೋಡಿ, ಹಿಂಭಾಗ ಕುಗ್ಗಿದೆಯಾ? ಭಾರ ಹೊತ್ತು ಸ್ಪ್ರಿಂಗ್ ಸೋತಿರಬಹುದು. ಕೆಲವು ಎಸ್ಟೇಟ್‌ಗಳಲ್ಲಿ ಹಿಂದೆ ಭಾರ ಬಿದ್ದಾಗ ತಾನೇ ಮಟ್ಟ ಸರಿಮಾಡಿಕೊಳ್ಳುವ ಸಸ್ಪೆನ್ಷನ್ ಇರುತ್ತದೆ. 1978ರಲ್ಲಿ ತಯಾರಾಗತೊಡಗಿದ ಮರ್ಸಿಡಿಸ್ 123 ಎಸ್ಟೇಟ್‌ನಲ್ಲೇ ಅದು ಇತ್ತು. ನನಗೆ ಆ ಕಾರಿನ ಮೇಲೆ ತುಂಬಾ ಪ್ರೀತಿ. ಆದರೆ ಆ ವ್ಯವಸ್ಥೆ ಕೆಟ್ಟರೆ ಸಾಮಾನ್ಯ ಸ್ಪ್ರಿಂಗ್‌ಗಿಂತ ಎಷ್ಟೋ ಜಾಸ್ತಿ ಖರ್ಚು. ಬಂಪರ್ ಕೆಳಗೆ ಟ್ರೇಲರ್ ಎಳೆಯುವ ಕೊಕ್ಕೆ ಇದ್ದ ಗುರುತೂ ಹುಡುಕಿ. ಕೊಕ್ಕೆ ಬಿಚ್ಚಿಟ್ಟರೂ ಕೊರೆದ ತೂತು, ವೈರಿನ ಸಾಕೆಟ್ ಉಳಿದಿರುತ್ತವೆ. ಎಳೆದ ಭಾರವೆಲ್ಲ ಕ್ಲಚ್ ಮತ್ತು ಗೇರ್‌ಬಾಕ್ಸ್ ಮೇಲೆ ಬಿದ್ದಿರುತ್ತದೆ.

ದಾಖಲೆಯಲ್ಲಿ ನಾನು ಮೊದಲು ಹುಡುಕುವುದು ಟೈಮಿಂಗ್ ಬೆಲ್ಟ್ ಬಿಲ್. ವಾಲ್ವ್ ಮತ್ತು ಪಿಸ್ಟನ್ ತಾಳ ತಪ್ಪದಂತೆ ನೋಡಿಕೊಳ್ಳುವ ಈ ಬೆಲ್ಟ್ ಕಿತ್ತರೆ ವಾಲ್ವ್‌ಗೆ ಪಿಸ್ಟನ್ ಬಡಿದು ಇಂಜಿನ್ ಹಾಳಾಗುತ್ತದೆ. ಅದಕ್ಕೆ ಕಿಲೋಮೀಟರ್ ಮಿತಿಯ ಜೊತೆ ವರ್ಷದ ಮಿತಿಯೂ ಇರುತ್ತದೆ, ನಿಂತೇ ಇದ್ದ ಕಾರಿಗೂ ಅದು ಅನ್ವಯಿಸುತ್ತದೆ. "ಮಾಡಿಸಿದ್ದೀವಿ" ಅನ್ನುವ ಬಾಯಿಮಾತನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬಿಲ್ ಇಲ್ಲದಿದ್ದರೆ ಮಾಡಿಸಿಲ್ಲ ಅಂತಲೇ ಬರೆದುಕೊಳ್ಳುತ್ತೇನೆ. ಟೈರಿನ ಬದಿಯ ನಾಲ್ಕು ಅಂಕಿಯನ್ನೂ ಓದಿ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು.

ಕೊನೆಗೆ ಒಂದು ಹಾಳೆಯಲ್ಲಿ ಮುಂದಿನ ಒಂದು ವರ್ಷದಲ್ಲಿ ಬರುವ ಖರ್ಚುಗಳನ್ನೆಲ್ಲ ಬರೆದು ಕಾರಿನ ಬೆಲೆಗೆ ಕೂಡಿಸುತ್ತೇನೆ. ಖಂಡಿತ ಬರುವವು ಒಂದು ಕಡೆ, ಬರಬಹುದಾದವು ಇನ್ನೊಂದು ಕಡೆ. ಆ ಒಟ್ಟು ಮೊತ್ತಕ್ಕೆ ಇದಕ್ಕಿಂತ ಹೊಸದಾದ, ದಾಖಲೆ ಸರಿಯಿರುವ ಕಾರು ಸಿಗುತ್ತದೆ ಅಂದರೆ ಈ ಅಗ್ಗದ ಕಾರನ್ನು ಬಿಡಬೇಕು. ಸಿಗುವುದಿಲ್ಲ ಅಂದರೆ, ಮತ್ತು ಆ ಖರ್ಚಿಗೆ ದುಡ್ಡು ಪಕ್ಕದಲ್ಲಿದ್ದರೆ, ತಗೊಳ್ಳಿ. ಕೈಯಲ್ಲಿರುವ ಪೂರ್ತಿ ದುಡ್ಡನ್ನು ಕಾರಿಗೇ ಸುರಿಯುವವರಿಗೆ ಹಳೇ ಡೀಸೆಲ್ ಬೇಡವೇ ಬೇಡ. ಮೊದಲ ರಿಪೇರಿಗೇ ಗಾಡಿ ಮೂಲೆಗೆ ಸೇರುತ್ತದೆ.

ಆ ಫೋಟೋಗ್ರಾಫರ್ ಜಾಸ್ತಿ ಓಡಿದ ಕಾರನ್ನೇ ತಗೊಂಡರು. ಬೆಲ್ಟ್ ಬಿಲ್ ಇರಲಿಲ್ಲ, ಹಿಂದಿನ ಸ್ಪ್ರಿಂಗ್ ಒಂದು ಮುರಿದಿತ್ತು. ಎರಡನ್ನೂ ತೋರಿಸಿ ಬೆಲೆ ಇಳಿಸಿಕೊಂಡೆವು. ಉಳಿದ ದುಡ್ಡಿನಲ್ಲಿ ಮೊದಲ ವಾರವೇ ಬೆಲ್ಟ್, ವಾಟರ್ ಪಂಪ್, ಎರಡೂ ಸ್ಪ್ರಿಂಗ್, ಡೀಸೆಲ್ ಫಿಲ್ಟರ್ ಹಾಕಿಸಿದರು. ಡಿಪಿಎಫ್‌ಗೆ ಒಗ್ಗುವ ಕಡಿಮೆ ಬೂದಿಯ ಆಯಿಲನ್ನೇ ಕೇಳಿ ಹಾಕಿಸಿ ಅಂತ ನಾನು ಹೇಳಿದ್ದೆ, ಡಬ್ಬಿಯ ಫೋಟೋ ಕಳಿಸಿ ಸರಿಯಿದೆಯಾ ಅಂತ ಕೇಳಿದರು. ಸರಿಯಾಗೇ ಇತ್ತು.