ವಿಕ್ಲಿಫ್ ಒಬ್ಬಂಟಿಯಾದದ್ದು ಎಲ್ಲಿ?

14ನೇ ಶತಮಾನದ ಇಂಗ್ಲೆಂಡಿನ ಪಾದ್ರಿ, ಆಕ್ಸ್‌ಫರ್ಡ್ ಪಂಡಿತ ಜಾನ್ ವಿಕ್ಲಿಫ್ ಅಂದರೆ ಎಲ್ಲರಿಗೂ ನೆನಪಾಗೋದು ಇಂಗ್ಲಿಷ್ ಬೈಬಲ್. ಆದರೆ ಬೆನ್ನಿಗಿದ್ದವರು ಅವನನ್ನು ಕೈಬಿಟ್ಟದ್ದು ರೊಟ್ಟಿಯ ಪ್ರಶ್ನೆಗೆ. ಪಾಪದಲ್ಲಿರುವ ಪಾದ್ರಿಗಳ ಆಸ್ತಿಯನ್ನು ರಾಜ ಕಿತ್ತುಕೊಳ್ಳಬಹುದು ಎಂದಾಗ ರಾಜಮನೆತನದ ಜಾನ್ ಆಫ್ ಗಾಂಟ್‌ನಂಥ ಪ್ರಭುಗಳಿಗೆ ಹಿತವಾಗಿತ್ತು; 1377ರಲ್ಲಿ ಪೋಪ್ 11ನೇ ಗ್ರೆಗರಿ ಐದು ಆಜ್ಞಾಪತ್ರ ಕಳಿಸಿದರೂ ಅವನ ಕೂದಲು ಕೊಂಕಲಿಲ್ಲ.

ಆಮೇಲೆ ಬಲಿಪೂಜೆಗೆ ಕೈಹಾಕಿದ. ಅಲ್ಲಿ ಪಾದ್ರಿ ಮಂತ್ರಿಸಿದ ರೊಟ್ಟಿ ನೋಡಲು ರೊಟ್ಟಿಯಂತೆಯೇ ಇದ್ದರೂ ಒಳಗಿನ ವಸ್ತು ಪೂರ್ತಿ ಕ್ರಿಸ್ತನ ದೇಹವಾಗುತ್ತದೆ ಎನ್ನುವುದು ಚರ್ಚಿನ ಬೋಧನೆ. ಕ್ರಿಸ್ತ ಅಲ್ಲಿದ್ದಾನೆ ನಿಜ, ಆದರೆ ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆ ಎಂದ. ರೊಟ್ಟಿಯ ದ್ರವ್ಯವೇ (ಮೂಲವಸ್ತುವೇ) ಇಲ್ಲವಾದರೆ ಬಣ್ಣ, ರುಚಿ, ತೂಕ ಯಾವುದನ್ನು ಆಧರಿಸಿ ನಿಲ್ಲಬೇಕು? ತರ್ಕಶಾಸ್ತ್ರ ಕಲಿಸಿದವನಿಗೆ ಇದನ್ನು ನುಂಗಿಕೊಳ್ಳಲು ಆಗಲಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಖಂಡಿಸಿತು, ಗಾಂಟ್ ಸುಮ್ಮನಿರು ಎಂದ. ಇವನು ಬಗ್ಗಲಿಲ್ಲ. 1382ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್‌ನಲ್ಲಿ ಸೇರಿದ ಚರ್ಚಿನ ಸಭೆ ಅವನ ಬೋಧನೆಯ 24 ಹೇಳಿಕೆಗಳನ್ನು ತಪ್ಪೆಂದು ಸಾರಿತು.

ಅವನ ಬೈಬಲ್‌ಗಿಂತ ಈ ಹಟವೇ ನನಗೆ ದೊಡ್ಡದಾಗಿ ಕಾಣುತ್ತದೆ.